ಅಳಗುಳಿ ಮಣೆಯಲ್ಲಿ ಸಿ ಕಲಿಸಿದ ಅಕ್ಕ

ಮೊನ್ನೆ ತುಮಕೂರಿನ ಕರಕುಶಲ ಮಳಿಗೆಯೊಂದರಲ್ಲಿ ಅಳಗುಳಿ ಮಣೆ ಕಂಡೆ. ಹದಿನಾಲ್ಕು ಗುಳಿಗೂ ವಾರ್ನಿಷ್ ಬಳಿದು, ತಲೆಗೊಂದು ಹಿತ್ತಾಳೆ ಕೊಂಡಿ ಹಾಕಿದ್ದರು. "ಗೋಡೆಗೆ ನೇತುಹಾಕಬಹುದು ಮೇಡಂ, ಶೋಗೆ" ಎಂದ ಅಂಗಡಿಯವನು. ಮಣೆಯನ್ನು ಕೈಗೆತ್ತಿಕೊಂಡದ್ದೇ, ಎಲ್ಲೋ ತಳದಲ್ಲಿ ಮಲಗಿದ್ದ ಸಿಟ್ಟು ಎದ್ದು ಕೂತಿತು. ಆ ಹುಡುಗನ ಮೇಲಲ್ಲ, ಪಾಪ...

ಎಂಬತ್ತರ ದಶಕದ ಕೊನೆ. ನಾನು ಕೊರಟಗೆರೆಯಿಂದ ದಿನಾ ಬಸ್ಸು ಹತ್ತಿ ಮಧುಗಿರಿಗೆ ಹೋಗಿ ಡಿಪ್ಲೊಮಾ ಓದುತ್ತಿದ್ದೆ. ನಮ್ಮ ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರು. ತರಗತಿಗೆ ಫ್ಯಾನಿಲ್ಲ, ಕಂಪ್ಯೂಟರಿಗೆ ಏಸಿ. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಆ ಚಪ್ಪಲಿ ಕಾಯಲು, ಕೋಣೆ ಗುಡಿಸಲು ಒಬ್ಬ ಅಟೆಂಡರ್ ಅಕ್ಕ ಇದ್ದರು. ಪಾವಗಡದ ಬಲಸಮುದ್ರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಇವರಿಗೆ ಬಂದಿತ್ತು. ಗುಡಿಸಬಹುದು, ಒರೆಸಬಹುದು, ಕೀಲಿಮಣೆಯನ್ನು ಮಾತ್ರ ಮುಟ್ಟುವಂತಿಲ್ಲ ಎಂದು ಕಟ್ಟಪ್ಪಣೆ.

ಪ್ರಿಂಟಾಗಿ ಕಸದಬುಟ್ಟಿಗೆ ಬಿದ್ದ, ಅಂಚಿಗೆಲ್ಲ ತೂತಿರುವ ಉದ್ದನೆಯ ಹಾಳೆಗಳನ್ನು ಅಕ್ಕ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಒಲೆ ಹೊತ್ತಿಸಲು ಎಂದುಕೊಂಡಿದ್ದೆ. ಅವರು ಓದಲು ಒಯ್ಯುತ್ತಿದ್ದರು. ಎಸ್ಸೆಸ್ಸೆಲ್ಸಿ ಮಾತ್ರ ಮಾಡಿದ್ದ ಹೆಂಗಸು, ಬಾಗಿಲಾಚೆಯಿಂದ ಕೇಳಿಸಿಕೊಂಡ ಪಾಠಕ್ಕೂ ಆ ಕಸದ ಹಾಳೆಗೂ ತಾಳೆ ಹಾಕಿ ಹಾಕಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತುಬಿಟ್ಟಿದ್ದರು.

ನನಗೋ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲನ್ನು ಕಂಪ್ಯೂಟರಿನಲ್ಲಿ ಇಡುವ ಬಗೆ, ತಲೆಗೆ ಹತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ವರಾಂಡದಲ್ಲಿ ಅಳುಮೋರೆ ಹಾಕಿಕೊಂಡು ಕೂತಿದ್ದೆ. ಅಕ್ಕ ತಮ್ಮ ಅಳಗುಳಿ ಮಣೆ ತಂದು ಮುಂದಿಟ್ಟರು.

"ಇದ್ಕೆಲ್ಲಾ ಅಳ್ತಾರೇನಮ್ಮ? ಹೆಸರು ಅಂದ್ರೆ ಏನು, ಸಾಲಾಗಿ ಗುಳಿ. ಒಂದೊಂದು ಗುಳೀಗೆ ಒಂದೊಂದು ಅಕ್ಷರ. ಮುಗೀತು ಅಂತ ತಿಳಿಯೋದು ಹೆಂಗೆ? ಕೊನೇಗೊಂದು ಗುಳಿ ಖಾಲಿ ಬುಡ್ಬೇಕು. ಆಟದಾಗೂ ಖಾಲಿ ಗುಳಿ ಬಂದ್ರೆ ನಿಲ್ತೀವಲ್ಲ, ಅಂಗೆ."

"ಮತ್ತೆ ಪಾಯಿಂಟರು?"

"ಅದು ಕಾಳಲ್ಲ ಕಣಮ್ಮ, ಬೆರಳು. ಯಾವ ಗುಳಿ ಅಂತ ತೋರ್ಸೋ ಬೆರಳು. ನೀನು ಬೆರಳನ್ನೇ ಕಾಳು ಅಂತ ತಿನ್ನೋಕೋಗ್ತೀಯ, ಅದ್ಕೇ ಹಲ್ಲು ಮುರೀತದೆ."

ಗುಳಿಗಳನ್ನು ಎಣಿಸುವಾಗ ಮನೆಮಾತಿನಲ್ಲಿ "ಸುನ್ನಾ, ಒಕಟಿ, ರೆಂಡು" ಎನ್ನುತ್ತಿದ್ದರು. ಸಿ ಭಾಷೆಯಂತೆ ಸೊನ್ನೆಯಿಂದ ಎಣಿಸುವುದನ್ನು ನಾನು ಕಲಿತದ್ದು ತೆಲುಗಿನಲ್ಲಿ. ಸಾಕೆಟ್ ಪಾಠವಂತೂ ನಮಗೆ ಜೆರಾಕ್ಸ್ ಹಾಳೆಯಲ್ಲಷ್ಟೇ ಇತ್ತು. ಎರಡು ಕಂಪ್ಯೂಟರು ಮಾತಾಡಬೇಕಾದರೆ ಎರಡು ಇರಬೇಕಲ್ಲ. ನಾನು ಬಾಗಿಲ ಒಳಗೆ, ಅಕ್ಕ ಚಪ್ಪಲಿಗಳ ನಡುವೆ ಹೊರಗೆ ಕೂತು, ಚೀಟಿ ದಾಟಿಸಿ ಆ ಪಾಠ ಮಾಡಿದೆವು. "ಆ ಕಡೆಯೋರು ಮೊದ್ಲೇ ಕಿವಿಗೊಟ್ಟು ಕೂತಿರ್ಬೇಕು. ಇಲ್ದಿದ್ರೆ ಈ ಕಡೆಯೋರು ಎಷ್ಟು ಕೂಗಿದ್ರೂ ಬರೀ ಬಾಯಿನೋವು" ಎಂದು ನಕ್ಕಿದ್ದರು.

ಆ ವರ್ಷ ಅಕ್ಕನ ಮಗಳು ಡಿಪ್ಲೊಮಾ ಸೀಟಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆಯಬೇಕಾದವರ ಪಟ್ಟಿಯನ್ನು ಮೊದಲ ಬಾರಿಗೆ ಕಂಪ್ಯೂಟರಿನಲ್ಲಿ ತೆಗೆದರು. ಪ್ರೋಗ್ರಾಂ ಬರೆದವರು ನಮ್ಮ ಲೆಕ್ಚರರು. ನೋಟಿಸ್ ಬೋರ್ಡಿನಲ್ಲಿ ಅವಳಿಗಿಂತ ಕಡಿಮೆ ನಂಬರು ತೆಗೆದವರ ಹೆಸರಿತ್ತು, ಅವಳದಿರಲಿಲ್ಲ. ಅಕ್ಕ ಮನೆಗೆ ಹೋಗಿ ಕಸದ ಹಾಳೆಗಳಲ್ಲಿ ಆ ಪ್ರೋಗ್ರಾಂ ಹುಡುಕಿದರು. ಮಾರನೆಯ ದಿನ ಬೆಳಿಗ್ಗೆ ಮಣೆ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದರು. ಲೆಕ್ಚರರೂ ಅಲ್ಲೇ ಇದ್ದರು. ಹಾಜರಿ ಪುಸ್ತಕ ಕೊಡಲು ಹೋದ ನಾನೂ ಇದ್ದೆ.

ಮಣೆಯಲ್ಲಿದ್ದದ್ದು ಹದಿನಾಲ್ಕೇ ಗುಳಿ, ಬೇಕಾದದ್ದು ಹದಿನೇಳು. ಅಕ್ಕ ಪಕ್ಕಕ್ಕೆ ಮೇಜಿನ ಮೇಲೆಯೇ ಸೀಮೆಸುಣ್ಣದಲ್ಲಿ ಮೂರು ಸೊನ್ನೆ ಬರೆದರು.

"ಸಾ, ಹೆಸರಿಗೆ ಹದಿನಾರು ಗುಳಿ ಇಟ್ಟವ್ರೆ. ಅದ್ರ ಪಕ್ಕದ ಗುಳೀಲಿ, ಇವ್ರನ್ನ ಕರೀಬೇಕು ಅನ್ನೋ ಗುರುತು." ಕೊನೆಯ ಸೊನ್ನೆಯಲ್ಲಿ ಒಂದು ಗುಲಗಂಜಿ ಇಟ್ಟರು. "ನನ್ ಮಗಳು ಲಕ್ಷ್ಮೀದೇವಮ್ಮ. ಇಂಗ್ಲಿಷ್ನಾಗೆ, ಅವರಪ್ಪನ ಇನಿಶಿಯಲ್ಲು, ಅದ್ರ ಚುಕ್ಕಿ ಸೇರಿದ್ರೆ ಸರಿಯಾಗಿ ಹದಿನಾರು." ಹದಿನಾರು ಹುಣಸೆಬೀಜ ಇಟ್ಟರು. "ಮುಗೀತು ಅನ್ನೋಕೆ ಖಾಲಿ ಗುಳಿ ಎಲ್ಲೈತೆ? ಕಂಪ್ಯೂಟರು ಪಕ್ಕದ ಗುರುತಿನ ಗುಳೀನೇ ಖಾಲಿ ಮಾಡ್ತದೆ." ಗುಲಗಂಜಿಯನ್ನು ಎತ್ತಿಬಿಟ್ಟರು. "ಉದ್ದ ಹೆಸರಿನೋರೆಲ್ಲಾ ಇಂಗೇ ಬಿದ್ದೋಗವ್ರೆ ಸಾ."

ಎಷ್ಟು ನಿಜ ಅದು. ರಮಾ, ಗೀತಾ, ಸುಧಾ ಎಂಬ ಪೇಟೆ ಹೆಸರುಗಳೆಲ್ಲ ಪಟ್ಟಿಯಲ್ಲಿ ಉಳಿದಿದ್ದವು. ಕುಲದೇವರ ಹೆಸರಿಗೆ ಅಮ್ಮ, ಅಪ್ಪ ಸೇರಿಸಿಕೊಂಡ ನಮ್ಮ ಹಳ್ಳಿಯ ಹೆಸರುಗಳು ಬಿದ್ದಿದ್ದವು. ನಮ್ಮ ಲೆಕ್ಚರರ್ ಮಹಾಶಯರು ಪ್ರೋಗ್ರಾಮಿನ ಪರೀಕ್ಷೆಗೆಂದು ತುಂಬಿದ್ದ ಹೆಸರುಗಳೆಲ್ಲ ಅವರ ಮನೆಯವರದೇ, ನಾಲ್ಕೈದು ಅಕ್ಷರದವು.

"ಕಂಪ್ಯೂಟರ್ ತಪ್ಪು ಮಾಡಲ್ಲ ಕಣಮ್ಮ" ಎಂದರು ಲೆಕ್ಚರರು. "ಮಗಳಿಗೆ ಸೀಟು ಸಿಗಲಿಲ್ಲ ಅಂತ ಹುಣಸೆಬೀಜ ತಂದು ನನಗೆ ಪಾಠ ಹೇಳ್ತೀಯಾ?"

"ಇನಿಶಿಯಲ್ ತೆಗೆದು ಒಂದ್ಸಲ ಓಡ್ಸಿ ನೋಡಿ ಸಾ. ಒಂದು ನಿಮಿಷದ ಕೆಲಸ."

"ಮೊದಲು ಮೇಜು ಒರೆಸು" ಎಂದರು ಪ್ರಿನ್ಸಿಪಾಲರು.

ಅಕ್ಕ ಸೆರಗಿನಲ್ಲಿ ಸೀಮೆಸುಣ್ಣ ಒರೆಸುತ್ತಿದ್ದಾಗ ಲೆಕ್ಚರರು ನನ್ನತ್ತ ತಿರುಗಿದರು. "ನೀನೇ ಹೇಳಮ್ಮ, ನಾನು ಬರೆದದ್ದರಲ್ಲಿ ತಪ್ಪಿದೆಯಾ?" ನನ್ನ ಪ್ರಾಕ್ಟಿಕಲ್ ನಂಬರು ಅವರ ಕೈಯಲ್ಲಿತ್ತು. "ಗೊತ್ತಿಲ್ಲ ಸಾರ್" ಎಂದೆ. ಅಕ್ಕ ತಲೆ ಎತ್ತಲಿಲ್ಲ, ಬೀಜ ಆರಿಸಿಕೊಳ್ಳುತ್ತಿದ್ದರು.

ಮರುದಿನ ಲ್ಯಾಬಿನಲ್ಲಿ ನಾನೇ ಇನಿಶಿಯಲ್ ತೆಗೆದು ಓಡಿಸಿದೆ. ಹೆಸರು ಬಂತು. ಪರದೆಯ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ. ಯಾರಿಗೂ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ... ಪರೀಕ್ಷೆ ಮುಗಿಯುವಷ್ಟರಲ್ಲಿ ಸೀಟೂ ಮುಗಿದಿತ್ತು. ಹುಡುಗಿ ಕಡಲೆಕಾಯಿ ಮಿಲ್ಲಿಗೆ ಕೂಲಿಗೆ ಹೋದಳು. ಮುಂದಿನ ವರ್ಷ ಪ್ರೋಗ್ರಾಮಿನಲ್ಲಿ ಹದಿನಾರು ಇದ್ದದ್ದು ಸದ್ದಿಲ್ಲದೆ ನಲವತ್ತಾಯಿತು. "ಕೊನೆಗೊಂದು ಮನೆ ಖಾಲಿ ಬಿಡಬೇಕು" ಎಂದು ಲೆಕ್ಚರರು ತರಗತಿಯಲ್ಲಿ ಹೇಳಿದರು, ತಮ್ಮದೇ ಮಾತಿನಂತೆ. ಬಾಗಿಲಾಚೆ ಅಕ್ಕ ಚಪ್ಪಲಿ ಜೋಡಿಸುತ್ತಿದ್ದರು.

ನಾನೂ ಮೂವತ್ತು ವರ್ಷ ಅದೇ ಪಾಠ ಹೇಳಿ ನಿವೃತ್ತಳಾದೆ. ಆ ಮಳಿಗೆಯಿಂದ ಬಂದ ಮೇಲೆ ತಡೆಯಲಾರದೆ ಬಲಸಮುದ್ರಕ್ಕೆ ಹೋದೆ. ಹೊಲಗಳಿದ್ದಲ್ಲೆಲ್ಲ ಈಗ ಸೋಲಾರ್ ಹಲಗೆಗಳು. ಅಕ್ಕ ಹೋಗಿ ಮೂರು ವರ್ಷವಾಗಿತ್ತು. ಲಕ್ಷ್ಮೀದೇವಮ್ಮ ನೀರು ಕೊಟ್ಟಳು. ಅವತ್ತು ಗೊತ್ತಿದ್ದೂ ಗೊತ್ತಿಲ್ಲ ಅಂದೆ ಎಂದು ಅವಳಿಗೆ ಹೇಳಿದೆ.

"ಅವ್ವ ಹೇಳಿದ್ಲು ಬುಡಕ್ಕ" ಎಂದಳು. "ನಿನ್ ನಂಬರು ಕಮ್ಮಿಯಾಗ್ಲಿಲ್ಲ ಮಗ, ಹೆಸರು ಉದ್ದವಾಯ್ತು ಅಂತ ನಂಗೆ ಅಂದಿದ್ಲು. ಅದ್ಕೇ ನನ್ ಮಗಳಿಗೆ ಉಮಾ ಅಂತ ಇಟ್ಟೆ. ಎಲ್ಲಿ ಬೇಕಾದ್ರೂ ಹಿಡೀತದೆ."

ನಗುತ್ತಲೇ ಹೇಳಿದಳು. ನನ್ನಿಂದ ನಗಲಾಗಲಿಲ್ಲ. ಪ್ರೋಗ್ರಾಮಿನ ತಪ್ಪಿಗೆ ಒಂದು ಮನೆಯವರು ಹೆಸರು ಕತ್ತರಿಸಿಕೊಂಡಿದ್ದರು. ಅಕ್ಕ ಇದ್ದಿದ್ದರೆ ಬೈಸಿಕೊಳ್ಳಬಹುದಿತ್ತು, ಬೈಯುವವರೂ ಇಲ್ಲ.