ಬಾಟಲಿಯ ತಳದ ಬ್ಲೀಚ್

ಊರಿಂದ ಬರುವ ಅತ್ತೆಗೆ ಹೊಳೆಯುವ ಟೈಲ್ಸ್ ತೋರಿಸದಿದ್ದರೆ ಮನೆತನದ ಮಾನ ಹೋಗುತ್ತದಲ್ಲ! ಘಣಸೋಲಿಯ ನಮ್ಮ ಬಾತ್‌ರೂಮಿನಲ್ಲಿ ನನ್ನ ಗಂಡ, "ಡಬಲ್ ಪವರ್ ಮಾರಾಯ್ತಿ!" ಎನ್ನುತ್ತ ಒಂದು ಬಾಟಲಿ ಆ್ಯಸಿಡ್‌ಗೆ ಬ್ಲೀಚ್ ಸುರಿದರು. ರಸಾಯನಶಾಸ್ತ್ರದ ಪದವೀಧರೆಯಾದ ನಾನು ಚೀರುವಷ್ಟರಲ್ಲಿ ಕ್ಲೋರಿನ್ ಎದ್ದಿತ್ತು. ಕೆಮ್ಮಿ ಕುಸಿದವರನ್ನು ಹೊರಗೆಳೆದೆ.

ಈಗಲೂ ಕಣ್ಣು ಮುಚ್ಚಿದರೆ ಅದೇ ಲೆಕ್ಕ. ಬ್ಲೀಚಿನ ಹೈಪೋಕ್ಲೋರೈಟಿನ ಮೋಲಾರ್ ದ್ರವ್ಯರಾಶಿ ಎಪ್ಪತ್ತನಾಲ್ಕೂವರೆ, ಕ್ಲೋರಿನ್ನಿನದು ಎಪ್ಪತ್ತೊಂದು. ಒಂದು ಅಣುವಿಗೆ ಒಂದು ಅಣು; ಅಂದರೆ ಎಷ್ಟು ತೂಕದ ಹೈಪೋಕ್ಲೋರೈಟೋ ಹೆಚ್ಚುಕಡಿಮೆ ಅಷ್ಟೇ ತೂಕದ ವಿಷ. ಆ್ಯಸಿಡ್ ಧಾರಾಳವಾಗಿತ್ತು, ಬ್ಲೀಚ್ ತನ್ನ ಬಾಟಲಿಯ ತಳದಲ್ಲಷ್ಟೇ ಉಳಿದಿತ್ತು. ಅದು ಮುಗಿದದ್ದರಿಂದ ಅನಿಲವೂ ನಿಂತಿತು. ನನ್ನ ಮುತ್ತೈದೆತನ ಕಾಪಾಡಿದ್ದು ಆ ಕೊರತೆಯೇ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಸರಿಸಿ ಅವರು ಆಡಿದ ಮೊದಲ ಮಾತು: "ಬ್ಲೀಚ್ ಕಮ್ಮಿ ಬಿತ್ತು ಮಾರಾಯ್ತಿ. ವಾಶಿ ಮಾರ್ಕೆಟ್ಟಿಂದ ದೊಡ್ಡ ಕ್ಯಾನೇ ತರುವ."