ದೊಡ್ಡಕ್ಕನ ಭಾರ

ಟಾರ್ಪಾಲಿನ್, ಡೇರೆ, ಗಾಡಿಗಳ ಸೀಟು ಕವರು, ದಪ್ಪ ಬಟ್ಟೆ ಯಾವುದಿದ್ದರೂ ಊರಿನವರು ಆ ಅಕ್ಕತಂಗಿಯರ ಬಳಿಗೇ ತರುತ್ತಿದ್ದರು. ರಸ್ತೆಗೆ ತೆರೆದುಕೊಂಡ ಒಂದೇ ಕೋಣೆ. ಎದುರುಬದುರು ಎರಡು ಹೊಲಿಗೆ ಯಂತ್ರ. ಇಪ್ಪತ್ತಾರು ವರ್ಷ ಇಬ್ಬರೂ ಹಾಗೇ ಮುಖಾಮುಖಿ ಕೂತು ಹೊಲಿದರು. ಮದುವೆಯ ಗೊಡವೆಗೆ ಹೋಗಲಿಲ್ಲ. ಅಂಗಡಿಗಳ ಬೋರ್ಡ್ ಬರೆಯುವ ತಮ್ಮ ಅವರನ್ನು ದೊಡ್ಡಕ್ಕ, ಸಣ್ಣಕ್ಕ ಎನ್ನುತ್ತಿದ್ದ. ಕರೆದಂತೆಯೇ ದೊಡ್ಡಕ್ಕ ದಪ್ಪ, ದನಿಯೂ ಗಟ್ಟಿ. ಸಣ್ಣಕ್ಕ ಕಡ್ಡಿಯಂತೆ, ಕೇಳಿದ್ದಕ್ಕಷ್ಟೇ ಉತ್ತರ.

ದೊಡ್ಡಕ್ಕ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸಣ್ಣಕ್ಕನಿಗೆ ಎದುರಿನಿಂದ ಕೇಳಿಸಿತು: "ಕತ್ತರಿ ಎಲ್ಲಿಟ್ಟೆ?" ತಲೆ ಎತ್ತಿದರೆ ಖಾಲಿ ಸ್ಟೂಲು. ಮರುದಿನವೂ ಅದೇ ಹೊತ್ತಿಗೆ, ಅದೇ ಸಿಡುಕು. ಅವಳು ಚೀರಲಿಲ್ಲ, ಕತ್ತರಿಯನ್ನು ಆ ಕಡೆಗೆ ಸರಿಸಿಟ್ಟಳು. ಆಮೇಲೆ ದಿನವೂ ಸರಿಸತೊಡಗಿದಳು. ಯಾರೆದುರೂ ಬಾಯಿಬಿಡಲಿಲ್ಲ. ಊಟ ಸೇರದಾಯಿತು. ಹೊಲಿಯಬೇಕಾದ ಬಟ್ಟೆ ಮೂಲೆಯಲ್ಲಿ ರಾಶಿ ಬಿತ್ತು.

ನೋಡಿ ನೋಡಿ ಸಾಕಾಗಿ ತಮ್ಮ ಒಂದು ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ.

"ಏಳು ಸಣ್ಣಕ್ಕ, ದೋಣೀಲಿ ಒಂದು ಸುತ್ತು ಹೋಗಿಬರೋಣ. ಹೀಗೇ ಕೂತಿದ್ರೆ ನಿನ್ನನ್ನೂ ಯಾರಾದ್ರೂ ಮಡಚಿ ಆ ರಾಶಿಗೇ ಹಾಕ್ತಾರೆ."

ಅವನ ಪುಟ್ಟ ಹಾಯಿದೋಣಿಗೆ ಹಾಯಿ ಹೊಲಿದುಕೊಟ್ಟವರು ಅಕ್ಕಂದಿರೇ. ಮೊದಲೆಲ್ಲ ಮೂವರೂ ಸರೋವರದಲ್ಲಿ ತಿರುಗುತ್ತಿದ್ದರು. "ದೊಡ್ಡಕ್ಕ ಇದ್ರೆ ದೋಣಿ ವಾಲದ ಹಾಗೆ ಮರಳಿನ ಮೂಟೆ ಇಡೋದು ಬೇಡ" ಎಂದು ಅವನು ರೇಗಿಸಿದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ಅಂದು ಗಾಳಿ ಮೆಲ್ಲಗಿತ್ತು. ತಮ್ಮ ಚುಕ್ಕಾಣಿ ಹಿಡಿದು ಏನೇನೋ ಹರಟಿದ. ದಡದ ಮನೆಗಳು ಚಿಕ್ಕವಾಗುತ್ತ ಹೋದವು. ಸಣ್ಣಕ್ಕ ನೀರಿಗೆ ಬೆರಳು ಇಳಿಬಿಟ್ಟಳು, ತಣ್ಣಗಿತ್ತು, ಹಿತವೆನಿಸಿತು. ನಡುನೀರಿಗೆ ಬಂದಾಗ ಇದ್ದಕ್ಕಿದ್ದಂತೆ ಗಾಳಿ ಬೀಸಿ ಹಾಯಿ ಉಬ್ಬಿತು, ದೋಣಿ ಒಂದು ಮಗ್ಗುಲಿಗೆ ವಾಲಿತು. ಅವಳು ದೋಣಿಯ ಮೇಲೆದ್ದ ಅಂಚಿಗೆ ಜರುಗಿ ಬೆನ್ನನ್ನು ಹಿಂದಕ್ಕೆ ಚಾಚಿದಳು. ಸಾಲಲಿಲ್ಲ, ತಗ್ಗಿದ ಅಂಚಿನಿಂದ ನೀರು ಒಳನುಗ್ಗಿತು.

"ದೊಡ್ಡಕ್ಕ, ನೀನೂ ಆ ಕಡೆ ಹೋಗು!" ಎಂದು ತಮ್ಮ ಕೂಗಿದ.

ಸಣ್ಣಕ್ಕನ ಪಕ್ಕದ ಹಲಗೆ ಕಿರುಗುಟ್ಟಿತು. ದೋಣಿ ನೆಟ್ಟಗಾಯಿತು. ಗಾಳಿ ಇನ್ನೂ ಅಷ್ಟೇ ಜೋರಾಗಿ ಬೀಸುತ್ತಿತ್ತು.

ಅವಳು ಪಕ್ಕಕ್ಕೆ ತಿರುಗಿ ನೋಡಲಿಲ್ಲ. "ಏನಂದೆ ನೀನು?"

"ಬಾಯ್ತಪ್ಪಿ ಬಂತು." ತಮ್ಮನ ಮುಖ ಸುಣ್ಣದಂತಾಗಿತ್ತು. ಚುಕ್ಕಾಣಿಯನ್ನು ದಡದ ಕಡೆಗೆ ತಿರುಗಿಸಿ ಅವನೇ ಹೇಳಿದ: "ಬಾಯ್ತಪ್ಪಿದ್ದಲ್ಲ ಸಣ್ಣಕ್ಕ. ನಾನು ಏಣಿ ಮೇಲೆ ನಿಂತು ಬೋರ್ಡ್ ಬರೀತಿದ್ರೆ ಕೆಳಗಿಂದ 'ಅಕ್ಷರ ಸೊಟ್ಟಗಾಯ್ತು ಕಣೋ' ಅಂತಾಳೆ. ಬಗ್ಗಿ ನೋಡಿದ್ರೆ ಯಾರೂ ಇರಲ್ಲ. ಅಕ್ಷರ ಮಾತ್ರ ಸೊಟ್ಟಗೇ ಇರುತ್ತೆ."

ಸಣ್ಣಕ್ಕನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ನನ್ನ ಹತ್ರ ಕತ್ತರಿ ಕೇಳ್ತಾಳೆ ಕಣೋ," ಎಂದಳು. ಆ ಮಾತು ಹೊರಬಿದ್ದದ್ದೇ ತಡ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ದಡ ಸೇರಿ ಅವಳು ಇಳಿದಳು. ತಮ್ಮ ಹಗ್ಗ ಕಟ್ಟದೆ, ದೋಣಿ ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೊಂಚ ಹೊತ್ತು ಕಾದ. ಅವಳೂ ಪಕ್ಕಕ್ಕೆ ಸರಿದು ಇಳಿಯಲು ದಾರಿ ಬಿಟ್ಟಳು.

ಅಂದು ಸಣ್ಣಕ್ಕ ಎರಡು ಸಲ ಬಡಿಸಿಕೊಂಡು ಉಂಡಳು. ಸೋಮವಾರದಿಂದ ಕೆಲಸ ಸಾಗಿತು. ದನಿಯೇನೂ ನಿಲ್ಲಲಿಲ್ಲ. ಆದರೆ ಸಂಜೆ ತಮ್ಮ ಬಂದಾಗ, ಇವತ್ತು ಏನಂದಳು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಅವಳಿಗೆ ಇಲ್ಲಿ ಯಂತ್ರದೆದುರು, ಅವನಿಗೆ ಊರಿನ ಇನ್ನೊಂದು ತುದಿಯಲ್ಲಿ ಏಣಿಯ ಮೇಲೆ, ಒಂದೇ ಗಳಿಗೆಯಲ್ಲಿ ಕೇಳಿಸಿರುತ್ತಿತ್ತು. ಅಂಥ ಸಂಜೆ ಮಾತು ಬೇಗ ಮುಗಿದುಹೋಗುತ್ತಿತ್ತು.