ದೀಪದ ಕೆಳಗಿನ ತೊಗರಿ

ಮಕ್ತಲ್ ದಾಟಿ ಕೃಷ್ಣಾ ಕಡೆಗೆ ಹೋಗುವ ದಾರಿಗೆ ಹತ್ತಿಕೊಂಡೇ ನಮ್ಮ ಹೊಲ. ನಾನು ಗದ್ವಾಲದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಸಂಜೆ ಬಸ್ಸಿಳಿದು ಬರುವಾಗ ತಿರುವಿನಲ್ಲಿ ಕತ್ತಲೆಂದು ಪಂಚಾಯ್ತಿಯವರ ಬೆನ್ನು ಹತ್ತಿ ಕಂಬಕ್ಕೆ ದೊಡ್ಡ ದೀಪ ಹಾಕಿಸಿದವಳು ನಾನೇ.

ದೀಪ ಬಂದ ಆ ವರ್ಷ ದಾರಿ ಬದಿಯ ಸಾಲುಗಳಿಗೆ ತೊಗರಿ ಬಿತ್ತಿದ್ದು ಸಣ್ಣವ್ವ, ನಮ್ಮ ಕಾಕಾನ ಹೆಂಡತಿ. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ನಡೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಸಣ್ಣವ್ವನಷ್ಟು ಸಮನಾಗಿ ಕಾಳು ಬಿಡುವವರು ಊರಲ್ಲಿರಲಿಲ್ಲ. ಅವಳಿಗೆ ಮಕ್ಕಳಿಲ್ಲ. ಮನೆಯಲ್ಲಿ ಅವಳಿಗೆ ಒಂದು ಒಳ್ಳೆಯ ಮಾತು ಸಿಗುತ್ತಿದ್ದದ್ದು ಈ ಕೆಲಸಕ್ಕೆ ಮಾತ್ರ.

ದೀವಳಿಗೆ ಕಳೆಯಿತು. ಬೇರೆ ಹೆಂಗಸರು ಬಿತ್ತಿದ್ದ ಒಳಗಿನ ತೊಗರಿಯೆಲ್ಲ ಹಳದಿ ಹೂವು ಬಿಟ್ಟಿತು. ದಾರಿ ಬದಿಯದು ಮಾತ್ರ ಆಳೆತ್ತರ ಬೆಳೆದು, ಹಚ್ಚಗೆ, ಒಂದು ಮೊಗ್ಗೂ ಇಲ್ಲದೆ ನಿಂತಿತ್ತು.

"ಬಂಜಿ ಕೈಲೆ ಬಿತ್ತಿಸಿದ್ರ ಗಿಡಾನೂ ಹಂಗ ಆಗೈತಿ, ನೋಡ್ರಿ" ಎಂದಳು ನಮ್ಮವ್ವ, ಅಂಗಳದಲ್ಲಿ ನಾಲ್ಕು ಮಂದಿಯೆದುರು. ಸಣ್ಣವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ನಿಲ್ಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಮನೆ ನಮ್ಮದು.

ಕಾರಣ ನನಗೆ ಹೊಳೆದದ್ದು ತಿಂಗಳುಗಳ ಮೇಲೆ, ಪಾಠದ ನಡುವೆ. ಊರ ತೊಗರಿ ಹೂವು ಬಿಡುವುದು ರಾತ್ರಿ ಉದ್ದವಾದಾಗ. ಆಗ ಎಲೆಯಲ್ಲಿ ಒಂದು ಜೀನು ಎಚ್ಚರಾಗುತ್ತದೆ. ಅದು ಮಾಡಿಸಿದ ಪ್ರೋಟೀನು ಕಾಂಡದ ತುದಿಗೆ ಹೋಗಿ, ಎಲೆ ಸಾಕು, ಇನ್ನು ಮೊಗ್ಗು ಮಾಡು ಎನ್ನುತ್ತದೆ. ರಾತ್ರಿಯಿಡೀ ದೀಪ ಉರಿದರೆ ಗಿಡಕ್ಕೆ ರಾತ್ರಿಯೇ ಆಗುವುದಿಲ್ಲ. ಆ ಜೀನು ಮಲಗಿಯೇ ಇರುತ್ತದೆ, ಗಿಡ ಬೆಳೆಯುತ್ತಲೇ ಹೋಗುತ್ತದೆ. ಇದನ್ನು ವರ್ಷವರ್ಷ ಹಲಗೆಯ ಮೇಲೆ ಬರೆದವಳಿಗೆ ತನ್ನ ಹೊಲ ಕಾಣಲಿಲ್ಲ. ನನ್ನ ಓದಿಗೆ ಬೆಂಕಿ ಬೀಳಲಿ ಅನಿಸಿತು.

ಅವ್ವನಿಗೆ ಹೇಳಿದೆ. "ಗಿಡಕ್ಕ ಗಡಿಯಾರ ಯಾರು ಕಟ್ಯಾರ?" ಎಂದು ನಕ್ಕಳು. ನಾನು ಜಗಳಕ್ಕೆ ನಿಲ್ಲಲಿಲ್ಲ. ದೀಪಕ್ಕೆ ಹೊಲದ ಕಡೆ ತಗಡಿನ ಮರೆ ಕಟ್ಟಿಸಿದೆ.

ಮುಂಗಾರಿಗೆ ಬಿತ್ತನೆ ಬಂತು. ಅವ್ವ ಬೀಜದ ಗಂಟನ್ನು ಪಕ್ಕದ ಮನೆಯ ಮೂರು ಮಕ್ಕಳ ತಾಯಿಗೆ ಕೊಟ್ಟಳು. ಸಣ್ಣವ್ವ ಹೊಸಿಲ ಒಳಗೆ ನಿಂತು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಒಳ್ಳೆ ದಿನ ಯಾಕೆ ರಂಪ, ಹೂವು ಬಂದ ಮೇಲೆ ಎಲ್ಲರ ಬಾಯಿ ತಾನಾಗಿ ಮುಚ್ಚುತ್ತದೆ ಎಂದುಕೊಂಡು ಸುಮ್ಮನಾದೆ.

ಹೂವು ಬಂತು, ದಾರಿಯ ಅಂಚಿನ ತನಕ. ನಾನು ಓಡಿಹೋಗಿ ಹೇಳಿದೆ, "ನೋಡಬೇ, ದೀಪಕ್ಕ ತಗಡು ಕಟ್ಟಿದ ಮ್ಯಾಲ ಹೂವು ಬಂತು."

"ಬರದೇನ ಮಾಡ್ತೈತಿ? ಈ ಸಲ ಆಕಿ ಕೈ ಹಚ್ಚಿಲ್ಲಲ್ಲ" ಎಂದಳು ಅವ್ವ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು ಹುಡುಗರ ಪ್ರಯೋಗದ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆಯುವವಳು ನಾನು. ನನ್ನ ಮನೆಯಲ್ಲಿ ಎರಡು ಬದಲಾಗಲು ಬಿಟ್ಟೆ. ಊರಿನ ಬಾಯಿಗೆ ಪುರಾವೆ ಒದಗಿಸಿಕೊಟ್ಟವಳು ನಾನೇ. ಅವ್ವನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆ ನನಗಿದೆ.

ಸಣ್ಣವ್ವ ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದಾಗ ಹೋಗಿ ಕೂತೆ. "ಬರೋ ವರ್ಷ ನೀನ ಬಿತ್ತು. ತಗಡು ಹಂಗ ಇರ್ತೈತಿ, ಹೂವು ಬಂದ ಬರ್ತೈತಿ. ಎಲ್ಲಾರಿಗೂ ತೋರಿಸೋಣು" ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಆ ವರ್ಷ ಮಳಿ ಬರಲಿಲ್ಲಂದ್ರ?" ಎಂದಳು.